ಡಿಗ್ರಿ ಓದುವಾಗಲೇ ಇಂಟರ್ನ್‌ಶಿಪ್: ಹುಡುಕುವುದರಿಂದ ಹಿಡಿದು ಕೆಲಸ ಸಿಗುವವರೆಗೆ

ಒಂದೇ ಕಾಲೇಜಿನ ಫೈನಲ್ ಇಯರ್ ವಿದ್ಯಾರ್ಥಿಗಳ ರೆಸ್ಯೂಮ್‌ಗಳನ್ನು ಸಾಲಾಗಿ ಇಟ್ಟು ನೋಡಿದರೆ ಹೆಸರು ಬಿಟ್ಟು ಉಳಿದದ್ದೆಲ್ಲ ಒಂದೇ ಥರ ಇರುತ್ತದೆ. ಅದೇ ಸಿಲಬಸ್, ಅದೇ ಮಿನಿ ಪ್ರಾಜೆಕ್ಟ್, ಆಚೀಚೆ ಐದಾರು ಅಂಕ. ಸಂದರ್ಶನಕ್ಕೆ ಕೂತವರಿಗೆ ಬೇಕಾಗಿರುವುದು ಬೇರೆಯೇ. ಈ ಹುಡುಗಿಗೆ ನಾಳೆ ಒಂದು ಕೆಲಸ ಒಪ್ಪಿಸಿದರೆ ಮುಗಿಸಿಕೊಡುತ್ತಾಳೆಯೇ, ಗೊತ್ತಾಗದಿದ್ದರೆ ಬಂದು ಕೇಳುತ್ತಾಳೆಯೇ, ಹೇಳಿದ ಹೊತ್ತಿಗೆ ಬರುತ್ತಾಳೆಯೇ? ಅಂಕಪಟ್ಟಿಯಲ್ಲಿ ಇದಕ್ಕೆ ಉತ್ತರವಿಲ್ಲ. ಎರಡು ತಿಂಗಳು ಒಂದು ಆಫೀಸಿನಲ್ಲೋ ಕಾರ್ಖಾನೆಯಲ್ಲೋ ಕೆಲಸ ಮಾಡಿ ಬಂದವರ ಹತ್ತಿರ ಇರುತ್ತದೆ.

ಇಂಟರ್ನ್‌ಶಿಪ್‌ನಿಂದ ನೀವು ಹೊತ್ತು ತರಬೇಕಾದದ್ದು ಎರಡು. ತೆರೆದು ತೋರಿಸಬಹುದಾದ ಒಂದು ಕೆಲಸ. ಯಾರಾದರೂ ವಿಚಾರಿಸಿದರೆ ‘ಹೌದು, ನಮ್ಮಲ್ಲಿ ಚೆನ್ನಾಗಿ ಕೆಲಸ ಮಾಡಿದರು’ ಎನ್ನುವ ಒಬ್ಬ ಹಿರಿಯ. ಸರ್ಟಿಫಿಕೇಟ್ ಇವೆರಡರ ಹಿಂದೆ ತಾನಾಗಿ ಬರುತ್ತದೆ. ಬರೀ ಸರ್ಟಿಫಿಕೇಟ್ ಹಿಡಿದು ಬಂದವರು ಸಂದರ್ಶನದ ಎರಡನೇ ಪ್ರಶ್ನೆಗೇ ತಡವರಿಸುತ್ತಾರೆ. ಕೆಳಗಿನ ಹೆಜ್ಜೆಗಳನ್ನೆಲ್ಲ ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ. ಬೆಂಗಳೂರಿನ ದೊಡ್ಡ ಕಾಲೇಜುಗಳಿಗಿಂತ ಜಿಲ್ಲಾ, ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಓದುವವರಿಗೆ ಇದು ಹೆಚ್ಚು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ಹೆಜ್ಜೆ 1: ನಿಮ್ಮ ಕೋರ್ಸಿನ ನಿಯಮ ಓದಿ

ಇಂಟರ್ನ್‌ಶಿಪ್ ಈಗ ಬಹಳಷ್ಟು ಕೋರ್ಸುಗಳಲ್ಲಿ ಕಡ್ಡಾಯ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ ಓದುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊನೆಯ ವರ್ಷದಲ್ಲಿ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಇದೆ. ಕಾನೂನು ಓದುವವರಿಗೆ ಬಾರ್ ಕೌನ್ಸಿಲ್ ನಿಯಮದಂತೆ ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರ ಆಗಬೇಕು. ಅದನ್ನೂ ಒಂದೇ ಸಲಕ್ಕೆ ಮುಗಿಸುವಂತಿಲ್ಲ, ವರ್ಷ ವರ್ಷಕ್ಕೆ ಹಂಚಿಕೊಳ್ಳಬೇಕು. ಸಿಎ ಓದುವವರ ಆರ್ಟಿಕಲ್‌ಶಿಪ್ (ಆಡಿಟರ್ ಕೈಕೆಳಗಿನ ಕಡ್ಡಾಯ ತರಬೇತಿ) 2023ರಿಂದ ಮೂರು ವರ್ಷದ ಬದಲು ಎರಡು ವರ್ಷಕ್ಕೆ ಇಳಿದಿದೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ.ಯಂಥ ಪದವಿಗಳಿಗೆ ಯುಜಿಸಿ ಮಾರ್ಗಸೂಚಿ ನಾಲ್ಕನೇ ಸೆಮ್ ಆದ ಮೇಲೆ 60ರಿಂದ 120 ಗಂಟೆಗಳ ಇಂಟರ್ನ್‌ಶಿಪ್ ಹೇಳುತ್ತದೆ. ನಿಮ್ಮ ವಿಶ್ವವಿದ್ಯಾಲಯ ಅದನ್ನು ಹೇಗೆ ಅಳವಡಿಸಿಕೊಂಡಿದೆ ಎಂಬುದನ್ನು ವಿಭಾಗದ ಮುಖ್ಯಸ್ಥರ ಹತ್ತಿರವೇ ಕೇಳಿ ತಿಳಿದುಕೊಳ್ಳಿ.

ಕೇಳಬೇಕಾದದ್ದು ಇಷ್ಟು: ಎಷ್ಟು ಕ್ರೆಡಿಟ್? ಯಾವ ಸೆಮ್? ಸಂಸ್ಥೆಯನ್ನು ಕಾಲೇಜು ಮೊದಲೇ ಒಪ್ಪಬೇಕೇ? ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಯಾರು ಕೊಡುತ್ತಾರೆ? ವರದಿ ಯಾವ ನಮೂನೆಯಲ್ಲಿರಬೇಕು? ಕೆಲಸ ಮುಗಿಸಿದ ಮೇಲೆ ‘ಈ ಸಂಸ್ಥೆ ನಡೆಯೋದಿಲ್ಲ’ ಎನ್ನಿಸಿಕೊಳ್ಳುವ ಕಷ್ಟ ಇದರಿಂದ ತಪ್ಪುತ್ತದೆ.

ನಿಯಮ ಹೇಳಿದ್ದಷ್ಟೇ ಸಾಕೇ? ಕ್ರೆಡಿಟ್ಟಿಗೆ ಸಾಕು, ಕೆಲಸ ಹಿಡಿಯಲು ಸಾಲದು. 60 ಗಂಟೆ ಎಂದರೆ ಹೆಚ್ಚುಕಡಿಮೆ ಎಂಟು ಹತ್ತು ದಿನದ ಕೆಲಸ. ಅಷ್ಟರಲ್ಲಿ ಆಫೀಸಿನವರಿಗೆ ನಿಮ್ಮ ಹೆಸರು ನೆನಪಾಗುವುದೇ ಹೆಚ್ಚು. ಬೇಸಿಗೆ ರಜೆಯಲ್ಲಿ ಆರರಿಂದ ಎಂಟು ವಾರ ಕೊಡಲು ಮನಸ್ಸು ಮಾಡಿ.

ಹೆಜ್ಜೆ 2: ಮೂರು ತಿಂಗಳು ಮೊದಲು ಹುಡುಕಲು ತೊಡಗಿ, ಹತ್ತಿರದಿಂದ ತೊಡಗಿ

ಪರೀಕ್ಷೆ ಮುಗಿದ ಮೇಲೆ ನೋಡೋಣ ಎಂದುಕೊಂಡವರಿಗೆ ಒಳ್ಳೆಯ ಜಾಗ ಸಿಗುವುದು ಕಷ್ಟ. ಏಪ್ರಿಲ್–ಮೇ ತಿಂಗಳಿಗೆ ಬೇಕಿದ್ದರೆ ಜನವರಿಯಲ್ಲೇ ವಿಚಾರಿಸಿ. ವಿಜ್ಞಾನದ ವಿದ್ಯಾರ್ಥಿಗಳು ಇನ್ನೂ ಮೊದಲು ಎಚ್ಚೆತ್ತುಕೊಳ್ಳಬೇಕು. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ನಡೆಸುವ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಅರ್ಜಿ ಹಾಕಬೇಕಾಗುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇಂಥದೇ ಬೇಸಿಗೆ ಫೆಲೋಶಿಪ್ ಇದೆ. ಸಣ್ಣ ಊರಿನ ಬಿ.ಎಸ್ಸಿ. ಓದುವವರು ‘ಅದು ನಮ್ಮಂಥವರಿಗಲ್ಲ’ ಎಂದು ಅರ್ಜಿಯನ್ನೇ ಹಾಕುವುದಿಲ್ಲ. ಇದು ನನಗೆ ಬಹಳ ನೋವು ಕೊಡುವ ಸಂಗತಿ. ದಯವಿಟ್ಟು ಅರ್ಜಿ ಹಾಕಿ. ಅದಕ್ಕೆ ಬೇಕಾದ ಬರಹವನ್ನು ನಿಮ್ಮ ಲೆಕ್ಚರರ್‌ಗೆ ತೋರಿಸಿ ಎರಡು ಮೂರು ಸಲ ತಿದ್ದಿಸಿ.

ಉಳಿದವರಿಗೆ ನನ್ನ ಸಲಹೆ: ಮೊದಲು ನಿಮ್ಮ ಜಿಲ್ಲೆಯನ್ನೇ ನೋಡಿ. ಬೆಂಗಳೂರಿನ ಪ್ರಸಿದ್ಧ ಕಂಪನಿಯ ಗೇಟಿನ ಮುಂದೆ ಅರ್ಜಿಗಳ ರಾಶಿ ಬಿದ್ದಿರುತ್ತದೆ. ಅದೇ ಬೆಳಗಾವಿಯ ಫೌಂಡ್ರಿ, ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕೆಗಳು, ಶಿವಮೊಗ್ಗದ ಮಾಚೇನಹಳ್ಳಿ, ತುಮಕೂರಿನ ವಸಂತನರಸಾಪುರ, ಮಂಗಳೂರಿನ ಬೈಕಂಪಾಡಿ ಇಲ್ಲೆಲ್ಲ ವಿದ್ಯಾರ್ಥಿಯೊಬ್ಬ ಬಂದು ಕೇಳುವುದೇ ಅಪರೂಪ. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋದರೆ ನಿಮ್ಮ ಭಾಗದಲ್ಲಿ ಯಾವ ಯಾವ ಘಟಕಗಳಿವೆ ಎಂಬುದು ಗೊತ್ತಾಗುತ್ತದೆ. ಸಣ್ಣ ಕೈಗಾರಿಕೆಗಳ ಸಂಘಟನೆಯಾದ ಕಾಸಿಯಾ ಹಾಗೂ ಸ್ಥಳೀಯ ವಾಣಿಜ್ಯ ಮಂಡಳಿಯವರಿಗೂ ಸದಸ್ಯರ ಪರಿಚಯ ಇರುತ್ತದೆ. ನಲವತ್ತು ಜನರ ಕಾರ್ಖಾನೆಯಲ್ಲಿ ಡ್ರಾಯಿಂಗ್ ಓದುವುದು, ವರ್ನಿಯರ್ ಹಿಡಿದು ಅಳತೆ ನೋಡುವುದು, ರಿಜೆಕ್ಟ್ ಆದ ಮಾಲು ಯಾಕೆ ರಿಜೆಕ್ಟ್ ಆಯಿತು ಎಂದು ಹುಡುಕುವುದು, ಎಲ್ಲವೂ ಒಂದೇ ತಿಂಗಳಲ್ಲಿ ಕಣ್ಣಿಗೆ ಬೀಳುತ್ತದೆ. ದೊಡ್ಡ ಕಂಪನಿಯಲ್ಲಿ ಅದೇ ತಿಂಗಳು ಪ್ರಸೆಂಟೇಶನ್ ನೋಡುವುದರಲ್ಲೇ ಕಳೆದುಹೋಗಬಹುದು.

ಬಿ.ಕಾಂ. ವಿದ್ಯಾರ್ಥಿಗಳಿಗಂತೂ ಪ್ರತಿ ತಾಲ್ಲೂಕಿನಲ್ಲೂ ಅವಕಾಶ ಇದೆ: ಆಡಿಟರ್ ಆಫೀಸು, ತೆರಿಗೆ ಸಲಹೆಗಾರರು, ಸಹಕಾರಿ ಬ್ಯಾಂಕು, ಸೌಹಾರ್ದ ಸಹಕಾರಿ. ಇಲ್ಲಿ ಹೋಗುವ ಹೊತ್ತು ಮುಖ್ಯ. ಆಡಿಟರ್ ಆಫೀಸಿನ ತಿಂಗಳಿಗೆ ತನ್ನದೇ ಲಯವಿದೆ. ಜಿಎಸ್‌ಟಿ ಲೆಕ್ಕದಲ್ಲಿ 11ರೊಳಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 14ಕ್ಕೆ ಖರೀದಿಗಳ 2ಬಿ ಪಟ್ಟಿ, 20ರೊಳಗೆ ತೆರಿಗೆ ಕಟ್ಟುವ 3ಬಿ ರಿಟರ್ನ್. ಹತ್ತನೇ ತಾರೀಖು ಹೋಗಿ ‘ಸಾರ್, ಇಂಟರ್ನ್‌ಶಿಪ್’ ಎಂದರೆ ತಲೆ ಎತ್ತಿ ನೋಡಲೂ ಅವರಿಗೆ ಬಿಡುವಿರುವುದಿಲ್ಲ. 21ರ ನಂತರ ಹೋಗಿ. ಜುಲೈಯಲ್ಲಿ ಆದಾಯ ತೆರಿಗೆ ರಿಟರ್ನ್, ಸೆಪ್ಟೆಂಬರ್‌ನಲ್ಲಿ ಆಡಿಟ್‌ಗಳ ಒತ್ತಡ. ಆಗ ಕೈ ಬೇಕಿರುತ್ತದೆ, ಕಲಿಸಲು ಸಮಯ ಇರುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಸೇರಿ ಬಿಲ್ ಎಂಟ್ರಿ, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಕಲಿತುಕೊಂಡರೆ ಜುಲೈ ಹೊತ್ತಿಗೆ ಅವರೇ ನಿಮ್ಮನ್ನು ಬಿಡುವುದಿಲ್ಲ.

ಬಿ.ಎಸ್ಸಿ.ಯವರು ಹಾಲು ಒಕ್ಕೂಟದ ಗುಣಮಟ್ಟ ಪ್ರಯೋಗಾಲಯ, ನೀರು ಮತ್ತು ಮಣ್ಣು ಪರೀಕ್ಷಾ ಕೇಂದ್ರಗಳಲ್ಲಿ ಕೇಳಬಹುದು. ಬಿ.ಎ. ಓದುವವರಿಗೆ ಜಿಲ್ಲಾ ಪತ್ರಿಕೆಗಳ ಡೆಸ್ಕ್, ಸಮೀಕ್ಷೆ ನಡೆಸುವ ಸ್ವಯಂಸೇವಾ ಸಂಸ್ಥೆಗಳು ಇವೆ. ಕನ್ನಡ ತಪ್ಪಿಲ್ಲದೆ ಬರೆಯುವುದು ಇಂದು ಮಾರುಕಟ್ಟೆಯಲ್ಲಿ ಬೆಲೆಯಿರುವ ಕೌಶಲ. ಸುದ್ದಿ ತಾಣಗಳು, ಕನ್ನಡದಲ್ಲಿ ಸೇವೆ ಕೊಡುವ ಆ್ಯಪ್‌ಗಳು, ಅನುವಾದ ಮಾಡುವ ಸಂಸ್ಥೆಗಳು ಅಂಥವರನ್ನು ಹುಡುಕುತ್ತಿರುತ್ತವೆ.

ಆನ್‌ಲೈನ್‌ನಲ್ಲಿ ಎಐಸಿಟಿಇ ಇಂಟರ್ನ್‌ಶಿಪ್ ಪೋರ್ಟಲ್, ಇಂಟರ್ನ್‌ಶಾಲಾ, ಲಿಂಕ್ಡ್‌ಇನ್ ನೋಡಿ. ಸರ್ಕಾರಿ ಯೋಜನೆಗಳ ವಿಷಯದಲ್ಲಿ ಮಾತ್ರ ಒಂದು ಗೊಂದಲ ಹರಡಿದೆ. 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದ ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆ ದೇಶದ 500 ದೊಡ್ಡ ಕಂಪನಿಗಳಲ್ಲಿ ಒಂದು ವರ್ಷದ ಅವಕಾಶ, ತಿಂಗಳಿಗೆ 5,000 ರೂಪಾಯಿ, ಒಮ್ಮೆ ಮಾತ್ರ ಕೊಡುವ 6,000 ರೂಪಾಯಿ ಎಂದು ಹೊರಟಿತು. ಆದರೆ ಆರಂಭದಲ್ಲಿ ಅದನ್ನು ರೂಪಿಸಿದ್ದು 21ರಿಂದ 24 ವಯಸ್ಸಿನ, ಪೂರ್ಣಾವಧಿ ಓದಿನಲ್ಲೂ ಕೆಲಸದಲ್ಲೂ ಇಲ್ಲದವರಿಗೆ. ರೆಗ್ಯುಲರ್ ಕಾಲೇಜಿನಲ್ಲಿ ಓದುತ್ತಿರುವವರು ಅರ್ಹತೆ ನೋಡದೆ ಅದಕ್ಕೆ ಅರ್ಜಿ ಹಾಕಿ ನಿರಾಶರಾಗಬೇಡಿ. ಪ್ರತಿ ಸುತ್ತಿನ ನಿಯಮವನ್ನು ಅಧಿಕೃತ ಪೋರ್ಟಲ್‌ನಲ್ಲೇ ಓದಿ. ಪದವಿ ಮುಗಿದವರಿಗೆ ಇನ್ನೊಂದು ದಾರಿ ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆಯಡಿ ಬರುವ ಇದರಲ್ಲಿ ಸ್ಟೈಪೆಂಡ್ (ತಿಂಗಳ ಭತ್ಯೆ) ಕೊಡಲೇಬೇಕು. 2019ರ ನಿಯಮ ಪದವೀಧರರಿಗೆ ಕನಿಷ್ಠ 9,000 ರೂಪಾಯಿ ಗೊತ್ತುಪಡಿಸಿತ್ತು. ಇದಕ್ಕಾಗಿ ಇರುವ ಸರ್ಕಾರದ ಎನ್‌ಎಟಿಎಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿಡಿ.

ಹೆಜ್ಜೆ 3: ಎದುರು ಹೋಗಿ ಕೇಳಿ

ಸಣ್ಣ ಸಂಸ್ಥೆಗಳು ‘ಇಂಟರ್ನ್ ಬೇಕಾಗಿದ್ದಾರೆ’ ಎಂದು ಜಾಹೀರಾತು ಕೊಡುವುದಿಲ್ಲ. ನೀವೇ ಹೋಗಬೇಕು. ಒಂದು ಪುಟದ ರೆಸ್ಯೂಮ್, ಕಾಲೇಜಿನ ಪತ್ರ, ಐಡಿ ಕಾರ್ಡ್ ಇಟ್ಟುಕೊಳ್ಳಿ. ಹೋಗುವ ಮುಂಚೆ ಆ ಸಂಸ್ಥೆ ಏನು ತಯಾರಿಸುತ್ತದೆ, ಯಾರಿಗೆ ಮಾರುತ್ತದೆ ಎಂದಾದರೂ ತಿಳಿದಿರಲಿ. ಮಾತು ಹೀಗಿರಬಹುದು:

‘ನಮಸ್ಕಾರ ಸಾರ್. ನಾನು ಇಲ್ಲಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದ್ತಾ ಇದೀನಿ. ಟ್ಯಾಲಿಯಲ್ಲಿ ಎಂಟ್ರಿ ಮಾಡೋದು ಬರುತ್ತೆ, ಎಕ್ಸೆಲ್ ಬರುತ್ತೆ. ಏಪ್ರಿಲ್ ಕೊನೇ ವಾರದಿಂದ ಎರಡು ತಿಂಗಳು ದಿನಾ ಬರ್ತೀನಿ. ಜಿಎಸ್‌ಟಿ ಕೆಲಸ ಕಲಿಯೋಕೆ ಅವಕಾಶ ಕೊಡ್ತೀರಾ?’

ಇದರಲ್ಲಿ ಯಾರು, ಏನು ಬರುತ್ತದೆ, ಯಾವಾಗಿನಿಂದ, ಎಷ್ಟು ದಿನ, ಏನು ಬೇಕು ಎಲ್ಲ ಬಂತು. ‘ಯಾವ ಕೆಲಸ ಆದರೂ ಪರವಾಗಿಲ್ಲ ಸಾರ್’ ಎಂಬುದು ವಿನಯದ ಮಾತಿನಂತೆ ಕಂಡರೂ ಕೇಳುವವರಿಗೆ ಅದರಿಂದ ಉಪಯೋಗವಿಲ್ಲ. ನಿಮಗೆ ಯಾವ ಕೆಲಸ ಕೊಡಬೇಕೆಂದು ಯೋಚಿಸುವ ಹೊರೆ ಅವರ ಮೇಲೆ ಬೀಳುತ್ತದೆ.

ಇಂಗ್ಲಿಷ್ ಮೇಲ್ ಬರೆಯುವಾಗಲೂ ಇದೇ ಕ್ರಮ, ಎಂಟು ಹತ್ತು ಸಾಲು ಸಾಕು. ಒಂದೇ ಮೇಲನ್ನು ನೂರು ಕಂಪನಿಗೆ ಕಳುಹಿಸುವ ಬದಲು ಹತ್ತು ಕಂಪನಿ ಆರಿಸಿ, ಪ್ರತಿಯೊಂದಕ್ಕೂ ಎರಡು ಸಾಲು ಬೇರೆ ಬರೆಯಿರಿ. ಉತ್ತರ ಬರದಿದ್ದರೆ ವಾರ ಬಿಟ್ಟು ಇನ್ನೊಮ್ಮೆ ನೆನಪಿಸಿ. ನಿಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ; ತಾವು ಓದಿದ ಕಾಲೇಜಿನ ಜೂನಿಯರ್ ಬರೆದರೆ ಸಾಮಾನ್ಯವಾಗಿ ಸೀನಿಯರ್‌ಗಳು ಉತ್ತರಿಸುತ್ತಾರೆ. ‘ಕೆಲಸ ಕೊಡಿಸಿ ಅಕ್ಕಾ’ ಎನ್ನಬೇಡಿ. ‘ಅಕ್ಕಾ, ನಿಮ್ಮ ಟೀಮಿನಲ್ಲಿ ಇಂಟರ್ನ್‌ಗಳಿಗೆ ಏನು ಗೊತ್ತಿರಬೇಕು?’ ಎಂದು ಕೇಳಿ.

ಹೆಜ್ಜೆ 4: ದುಡ್ಡು ಕೇಳಿದರೆ ವಾಪಸ್ ಬನ್ನಿ

ಇಂಟರ್ನ್‌ಶಿಪ್ ಕಡ್ಡಾಯವಾದ ಮೇಲೆ ಅದನ್ನು ಮಾರುವವರೂ ಹುಟ್ಟಿಕೊಂಡರು. ‘ಇಷ್ಟು ಸಾವಿರ ಕಟ್ಟಿ, ನಾಲ್ಕು ವಾರದ ಆನ್‌ಲೈನ್ ಇಂಟರ್ನ್‌ಶಿಪ್, ಸರ್ಟಿಫಿಕೇಟ್ ಗ್ಯಾರಂಟಿ’ ಎಂಬ ಮೆಸೇಜು ಕಾಲೇಜಿನ ವಾಟ್ಸಾಪ್ ಗ್ರೂಪುಗಳಲ್ಲೇ ಓಡಾಡುತ್ತದೆ. ದುಡ್ಡು ಕೊಟ್ಟು ಕಲಿಯುವುದಕ್ಕೆ ಟ್ರೈನಿಂಗ್ ಎನ್ನುತ್ತಾರೆ. ಪಾಠ ಚೆನ್ನಾಗಿದ್ದರೆ ಅದರಲ್ಲಿ ತಪ್ಪೇನಿಲ್ಲ, ಆದರೆ ಅದನ್ನು ಇಂಟರ್ನ್‌ಶಿಪ್ ಎಂದು ರೆಸ್ಯೂಮ್‌ನಲ್ಲಿ ಬರೆದರೆ ನಿಜವಾಗಿ ನೇಮಕ ಮಾಡುವವರಿಗೆ ಒಂದೇ ಪ್ರಶ್ನೆಯಲ್ಲಿ ತಿಳಿಯುತ್ತದೆ: ‘ನೀವು ಮಾಡಿದ್ದನ್ನು ಯಾರು ಬಳಸಿದರು?’ ಒಂದೇ ಸಂಸ್ಥೆ, ಒಂದೇ ಪ್ರಾಜೆಕ್ಟ್ ಹೆಸರು ನೂರಾರು ರೆಸ್ಯೂಮ್‌ಗಳಲ್ಲಿ ಬಂದಿರುವುದನ್ನು ಅವರು ನೋಡಿರುತ್ತಾರೆ.

ಇದಕ್ಕಿಂತ ಕೆಟ್ಟದ್ದು ನೇರ ಮೋಸ. ದೊಡ್ಡ ಕಂಪನಿಯ ಹೆಸರಿನಲ್ಲಿ ಆಫರ್ ಲೆಟರ್ ಕಳಿಸಿ ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಡೆಪಾಸಿಟ್ ಎಂದು ಯುಪಿಐಗೆ ಹಣ ಹಾಕಿಸಿಕೊಳ್ಳುತ್ತಾರೆ. ಮೇಲ್ ಬಂದಿರುವುದು ಕಂಪನಿಯ ಸ್ವಂತ ಡೊಮೇನ್‌ನಿಂದಲೋ ಜಿಮೇಲ್‌ನಿಂದಲೋ ನೋಡಿ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿ ನೋಂದಣಿಯಾಗಿದೆಯೇ ಎಂದು ಹುಡುಕಿ. ಟೆಲಿಗ್ರಾಮ್‌ನಲ್ಲಷ್ಟೇ ಮಾತಾಡುವವರನ್ನು ನಂಬಬೇಡಿ. ಮೂಲ ಅಂಕಪಟ್ಟಿ ಯಾರಿಗೂ ಕೊಡಬೇಡಿ, ನಕಲು ಸಾಕು. ಹಣ ಹೋಗಿಬಿಟ್ಟಿದ್ದರೆ ನಾಚಿಕೆಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಗಂಟೆಗಳೊಳಗೆ ದೂರು ಕೊಟ್ಟರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಸ್ಟೈಪೆಂಡ್ ಇಲ್ಲದ ಇಂಟರ್ನ್‌ಶಿಪ್ ಒಪ್ಪಬಹುದೇ? ಊರಿನಲ್ಲೇ, ಮನೆಯಿಂದ ಓಡಾಡಿಕೊಂಡು, ಒಂದೆರಡು ತಿಂಗಳ ಮಟ್ಟಿಗೆ, ನಿಜವಾದ ಕಲಿಕೆ ಇದ್ದರೆ ಒಪ್ಪಬಹುದು. ಆರು ತಿಂಗಳು ಪೂರ್ಣಾವಧಿ ದುಡಿಸಿಕೊಂಡು ಬಸ್ ಚಾರ್ಜೂ ಕೊಡದವರಿಗೆ ಬೇಡ ಎನ್ನಿ. ಬಡ ಮನೆಯ ಮಕ್ಕಳಿಗೆ ಬಿಟ್ಟಿ ದುಡಿಮೆ ಎಂದರೆ ಮನೆಯವರ ಸಾಲ. ಬೆಂಗಳೂರಿಗೆ ಹೋಗುವುದಾದರೆ ಪಿಜಿ ಬಾಡಿಗೆ, ಊಟ, ಓಡಾಟ ಲೆಕ್ಕ ಹಾಕಿ ಸ್ಟೈಪೆಂಡ್ ಪಕ್ಕದಲ್ಲಿ ಬರೆದು ನೋಡಿ. ರಾಜ್ಯದ ವಿದ್ಯಾರ್ಥಿನಿಯರಿಗೆ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನ ಖರ್ಚು ಉಳಿಯುತ್ತದೆ. ಪಕ್ಕದ ಪಟ್ಟಣಕ್ಕೆ ದಿನಾ ಹೋಗಿ ಬರುವ ಇಂಟರ್ನ್‌ಶಿಪ್ ಹಿಂದೆ ಆಗದಿದ್ದವರಿಗೂ ಈಗ ಸಾಧ್ಯವಿದೆ.

ಹೆಜ್ಜೆ 5: ಸೇರಿದ ಮೇಲೆ

ಮೊದಲ ದಿನವೇ ಎರಡು ವಿಷಯ ಕೇಳಿ. ನಾನು ಯಾರಿಗೆ ವರದಿ ಮಾಡಬೇಕು? ಮುಗಿಯುವ ಹೊತ್ತಿಗೆ ನನ್ನಿಂದ ಏನು ಆಗಿರಬೇಕು? ಎರಡನೆಯದಕ್ಕೆ ಬಹಳ ಜನರ ಹತ್ತಿರ ಸಿದ್ಧ ಉತ್ತರ ಇರುವುದಿಲ್ಲ. ಒಂದು ವಾರ ಗಮನಿಸಿ ನೀವೇ ಸೂಚಿಸಿ: ‘ಸಾರ್, ಸ್ಟೋರ್ ಲೆಕ್ಕ ಪುಸ್ತಕದಲ್ಲಿದೆ, ನಾನು ಎಕ್ಸೆಲ್‌ಗೆ ಹಾಕ್ಲಾ?’ ಇಂಥ ಚಿಕ್ಕ ಕೆಲಸವೇ ಮುಂದೆ ನಿಮ್ಮ ಹೆಸರಿಗೆ ಅಂಟಿಕೊಳ್ಳುತ್ತದೆ.

ಮೊದಲ ಎರಡು ವಾರ ಜೆರಾಕ್ಸ್, ಫೈಲಿಂಗ್, ಡೇಟಾ ಎಂಟ್ರಿ ಬರುವುದು ಸಹಜ. ಅದನ್ನು ತಪ್ಪಿಲ್ಲದೆ ಮಾಡಿ. ದೊಡ್ಡ ಕೆಲಸ ಕೊಡಬಹುದೇ ಎಂದು ಅವರು ಅಳೆಯುವುದು ಅಲ್ಲೇ. ಬಿಲ್ಲು ಎಂಟ್ರಿ ಮಾಡುವಾಗಲೇ ಯಾವ ಸರಕಿಗೆ ಯಾವ ತೆರಿಗೆ ದರ, ಯಾಕೆ ಎಂದು ಗಮನಿಸುವವರು ಮೂರನೇ ವಾರಕ್ಕೆ ತಾವೇ ತಪ್ಪು ಹಿಡಿಯುತ್ತಾರೆ. ಒಂದು ತಿಂಗಳಾದರೂ ಜೆರಾಕ್ಸೇ ಆದರೆ ಮಾತ್ರ ಮೇಲಿನವರ ಹತ್ತಿರ ಮರ್ಯಾದೆಯಿಂದ ಕೇಳಿ, ಆಗಲೂ ಬದಲಾಗದಿದ್ದರೆ ಕಾಲೇಜಿನ ಗೈಡ್‌ಗೆ ತಿಳಿಸಿ.

ದಿನಾ ಸಂಜೆ ಐದು ನಿಮಿಷ ಡೈರಿ ಬರೆಯಿರಿ. ಇದೊಂದನ್ನು ಬಿಡಬೇಡಿ. ತಾರೀಖು, ಮಾಡಿದ ಕೆಲಸ, ಬಂದ ತೊಡಕು, ಬಿಡಿಸಿದ್ದು ಹೇಗೆ, ಇಷ್ಟೇ. ಕಾಲೇಜಿನ ವರದಿ ಇದರಿಂದ ಅರ್ಧ ಸಿದ್ಧವಾಗುತ್ತದೆ. ಮುಖ್ಯವಾಗಿ, ಒಂದು ವರ್ಷದ ನಂತರ ಸಂದರ್ಶನದಲ್ಲಿ ‘ಒಂದು ಕಷ್ಟದ ಪರಿಸ್ಥಿತಿ ಹೇಳಿ’ ಎಂದರೆ ಆಕಾಶ ನೋಡಬೇಕಿಲ್ಲ. ಆದರೆ ಕಂಪನಿಯ ಗ್ರಾಹಕರ ಹೆಸರು, ದರ, ಕೋಡ್, ಕಡತಗಳ ಫೋಟೊ ಹೊರಗೆ ಒಯ್ಯುವಂತಿಲ್ಲ. ತೋರಿಸಲು ಏನಾದರೂ ಬೇಕಿದ್ದರೆ ಅನುಮತಿ ಕೇಳಿ, ಇಲ್ಲವೇ ಅದೇ ಥರದ ಮಾದರಿಯೊಂದನ್ನು ಮನೆಯಲ್ಲಿ ನೀವೇ ಮಾಡಿಟ್ಟುಕೊಳ್ಳಿ.

ಅಲ್ಲಿನ ಹಳಬರನ್ನು ಗೌರವದಿಂದ ಮಾತಾಡಿಸಿ. ಮೆಷಿನ್ ಶಬ್ದ ಕೇಳಿಯೇ ಟೂಲ್ ಸವೆದಿದೆ ಎನ್ನುವ ಆಪರೇಟರ್, ಮೂವತ್ತು ವರ್ಷ ಲೆಜರ್ ಬರೆದ ಗುಮಾಸ್ತರು, ಇವರಿಂದ ಕಲಿತದ್ದು ಯಾವ ಪಠ್ಯದಲ್ಲೂ ಇಲ್ಲ. ಟೀ ಬಿಡುವಿನಲ್ಲಿ ಮೊಬೈಲ್ ಒಳಗಿಟ್ಟು ಅವರ ಜೊತೆ ನಿಂತುಕೊಳ್ಳಿ.

ಹೆಜ್ಜೆ 6: ನಿಮ್ಮ ರಕ್ಷಣೆಯ ಕಾನೂನು ತಿಳಿದಿರಲಿ

ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಂಬಳ ಪಡೆಯುವ ನೌಕರರಿಗಷ್ಟೇ ಸೀಮಿತವಲ್ಲ. ಟ್ರೈನಿ, ಅಪ್ರೆಂಟಿಸ್, ಸಂಬಳವಿಲ್ಲದೆ ಕೆಲಸ ಮಾಡುವವರು ಎಲ್ಲರೂ ಅದರೊಳಗೆ ಬರುತ್ತಾರೆ. ಹತ್ತು ಅಥವಾ ಹೆಚ್ಚು ಜನ ಇರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಚಿಕ್ಕ ಕಡೆಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು. ‘ಎರಡು ತಿಂಗಳ ಮಾತು, ಸರ್ಟಿಫಿಕೇಟ್ ಕೈತಪ್ಪುತ್ತದೆ’ ಎಂದು ಹೆದರಿ ಸುಮ್ಮನಿರಬೇಡಿ. ಕಾಲೇಜಿನಲ್ಲಿ ನಂಬಿಕೆಯ ಮೇಡಂ ಒಬ್ಬರಿಗೆ ಕೂಡಲೇ ತಿಳಿಸಿ.

ಕಾರ್ಖಾನೆಗೆ ಹೋಗುವ ಹುಡುಗರೂ ಹುಡುಗಿಯರೂ ಸೇಫ್ಟಿ ಶೂ, ಕನ್ನಡಕ ಕೊಡದೆ ಮೆಷಿನ್ ಹತ್ತಿರ ಬಿಟ್ಟರೆ ನಿಲ್ಲಬೇಡಿ. ಅಪಘಾತವಾದರೆ ವಿಮೆ ಇದೆಯೇ ಎಂದು ಕಾಲೇಜಿನಲ್ಲಿ ಮೊದಲೇ ವಿಚಾರಿಸಿ.

ಹೆಜ್ಜೆ 7: ಮುಗಿಸುವ ವಾರ, ಆಮೇಲಿನ ತಿಂಗಳುಗಳು

ಕೊನೆಯ ವಾರ ನಿಮ್ಮ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೊರಡಬೇಡಿ. ಯಾವ ಫೈಲ್ ಎಲ್ಲಿದೆ, ಏನು ಬಾಕಿ ಇದೆ ಎಂದು ಒಂದು ಪುಟದಲ್ಲಿ ಬರೆದು ಒಪ್ಪಿಸಿ. ಹಾಗೆ ಮಾಡುವ ಇಂಟರ್ನ್‌ಗಳು ಕಡಿಮೆ, ಹಾಗಾಗಿ ಮರೆಯುವುದೂ ಇಲ್ಲ. ಸರ್ಟಿಫಿಕೇಟ್‌ನಲ್ಲಿ ಆರಂಭ ಮತ್ತು ಮುಕ್ತಾಯದ ತಾರೀಖು, ಮಾಡಿದ ಕೆಲಸದ ವಿವರ, ಸಹಿ ಮಾಡಿದವರ ಹುದ್ದೆ ಇರಲಿ. ನಿಮ್ಮ ಕೆಲಸ ನೋಡಿಕೊಂಡವರ ಹತ್ತಿರ ‘ಮುಂದೆ ಯಾರಾದರೂ ವಿಚಾರಿಸಿದರೆ ನಿಮ್ಮ ನಂಬರ್ ಕೊಡಬಹುದಾ ಸಾರ್?’ ಎಂದು ಕೇಳಿ ಒಪ್ಪಿಗೆ ಪಡೆಯಿರಿ.

ಅಲ್ಲೇ ಕೆಲಸ ಮಾಡುವ ಮನಸ್ಸಿದ್ದರೆ ಬಾಯಿಬಿಟ್ಟು ಹೇಳಿ. ಎಷ್ಟೋ ಜನ ಹೇಳುವುದೇ ಇಲ್ಲ. ‘ಅವನಿಗೆ ಬೆಂಗಳೂರೇ ಬೇಕಿರಬಹುದು’ ಎಂದುಕೊಂಡು ಅವರೂ ಕೇಳುವುದಿಲ್ಲ. ದೊಡ್ಡ ಕಂಪನಿಗಳು ಇಂಟರ್ನ್‌ಗಳಿಗೆ ಪ್ಲೇಸ್‌ಮೆಂಟ್‌ಗೆ ಮೊದಲೇ ಆಫರ್ ಕೊಡುವುದು ಯಾಕೆ? ಗೊತ್ತಿಲ್ಲದವರನ್ನು ಅರ್ಧ ಗಂಟೆ ಮಾತಾಡಿಸಿ ಆರಿಸುವುದಕ್ಕಿಂತ ತಿಂಗಳುಗಟ್ಟಲೆ ಕಣ್ಣೆದುರು ಕೆಲಸ ಮಾಡಿದವರನ್ನು ಇಟ್ಟುಕೊಳ್ಳುವುದು ಅವರಿಗೆ ಕ್ಷೇಮ. ಸಣ್ಣ ಸಂಸ್ಥೆಯ ಮಾಲೀಕರ ಲೆಕ್ಕಾಚಾರವೂ ಇದೇ, ಆಫರ್ ಲೆಟರ್ ಎಂಬ ಶಿಸ್ತು ಅಲ್ಲಿ ಇಲ್ಲದಿರಬಹುದು ಅಷ್ಟೇ.

ರೆಸ್ಯೂಮ್‌ನಲ್ಲಿ ‘ಜಿಎಸ್‌ಟಿ ಬಗ್ಗೆ ತಿಳಿದುಕೊಂಡೆ’ ಎಂದು ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. ‘ಹನ್ನೆರಡು ವ್ಯಾಪಾರಿಗಳ ಖರೀದಿ ಬಿಲ್ಲುಗಳನ್ನು ಪ್ರತಿ ತಿಂಗಳು 2ಬಿ ಪಟ್ಟಿಯೊಂದಿಗೆ ತಾಳೆ ನೋಡಿ ವ್ಯತ್ಯಾಸಗಳ ಪಟ್ಟಿ ತಯಾರಿಸಿದೆ’ ಎಂದರೆ ಕೇಳಲು ಅವರಿಗೆ ನಾಲ್ಕು ಪ್ರಶ್ನೆ ಹುಟ್ಟುತ್ತವೆ, ನಾಲ್ಕಕ್ಕೂ ನಿಮ್ಮಲ್ಲಿ ಉತ್ತರ ಇರುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಯಾದರೆ ಯಾವ ಬಿಡಿಭಾಗ, ಯಾವ ದೋಷ, ನೀವು ಅಳೆದದ್ದೇನು, ಬದಲಾದದ್ದೇನು ಎಂದು ಬರೆಯಿರಿ. ಸಂಖ್ಯೆ ಇದ್ದರೆ ಹಾಕಿ, ಇಲ್ಲದ ಸಂಖ್ಯೆ ಹುಟ್ಟಿಸಬೇಡಿ. ಸಂದರ್ಶನದಲ್ಲಿ ಅಲ್ಲೇ ಕಾಲು ಜಾರುತ್ತದೆ.

ಆ ಕೆಲಸ ನಿಮಗೆ ಒಗ್ಗಲಿಲ್ಲ ಎಂದು ತಿಳಿದರೂ ಎರಡು ತಿಂಗಳು ವ್ಯರ್ಥವಾಗಲಿಲ್ಲ. ಕೋರ್ ಕಂಪನಿಯೇ (ತಾನು ಓದಿದ ಎಂಜಿನಿಯರಿಂಗ್ ವಿಭಾಗದ ಕಂಪನಿಯೇ) ಬೇಕು ಎನ್ನುತ್ತಿದ್ದವನಿಗೆ ಶಾಪ್ ಫ್ಲೋರ್‌ಗಿಂತ ಡಿಸೈನ್ ಇಷ್ಟ ಎಂದು ಗೊತ್ತಾಗಬಹುದು. ಬ್ಯಾಂಕ್ ಪರೀಕ್ಷೆಗೇ ಓದುತ್ತಿದ್ದವಳಿಗೆ ತೆರಿಗೆ ಕೆಲಸದಲ್ಲಿ ರುಚಿ ಹುಟ್ಟಬಹುದು. ಓದು ಮುಗಿದು ಮೂರು ವರ್ಷ ಕೆಲಸ ಮಾಡಿದ ಮೇಲೆ ತಿಳಿಯುವುದಕ್ಕಿಂತ ನಾಲ್ಕನೇ ಸೆಮ್‌ನಲ್ಲಿ ತಿಳಿದರೆ ಮುಂದಿನ ಬೇಸಿಗೆಗೆ ಬೇರೆ ಕಡೆ ಕೇಳಲು ಸಮಯ ಇರುತ್ತದೆ. ಹಾಗೆ ಕೇಳಲು ಹೋಗುವಾಗ ಮೊದಲಿನ ಜಾಗದ ಸಾರ್‌ಗೊಂದು ಫೋನ್ ಮಾಡಿ. ಅವರಿಗೆ ಪರಿಚಯವಿರುವ ಇನ್ನೊಂದು ಆಫೀಸಿಗೆ ಅವರೇ ಹೇಳಿ ಕಳಿಸುವುದು ನಮ್ಮ ಕಡೆ ಇವತ್ತಿಗೂ ನಡೆಯುತ್ತದೆ.